ಬೀದರಿನ ಹವೆ, ನೆಲದೊಳಗಣ ನೀರು

ಗಿರಿಧಾಮವೆಂದೊಡನೆ ನಮ್ಮವರ ಮನಸ್ಸು ಮಡಿಕೇರಿ, ಕೆಮ್ಮಣ್ಣುಗುಂಡಿ, ನಂದಿಬೆಟ್ಟಗಳ ಕಡೆಗೆ ಹರಿಯುವುದು ಸಹಜವೇ ಆದರೂ, ಹವೆಯ ಸೌಖ್ಯವನ್ನೂ ಒಂದು ಗಣನೆಯಾಗಿ ಇರಿಸಿಕೊಂಡು ಎತ್ತರದ ನೆಲವನ್ನು ಆಯ್ದು, ಅದರ ಮೇಲೆ ರಾಜಧಾನಿಯನ್ನೇ ಕಟ್ಟಿ ಬಾಳಿದ ಜನರ ನಿದರ್ಶನವೊಂದು ಕರ್ನಾಟಕದ ಉತ್ತರದ ತುದಿಯಲ್ಲಿ, ಬೀದರಿನಲ್ಲಿ, ಉಂಟೆಂಬುದು ಹಲವರ ಗಮನಕ್ಕೆ ಬಂದಂತಿಲ್ಲ. ಬಹಮನಿ ಅರಸ ಒಂದನೆಯ ಅಹಮದ್ ಶಾಹನು 1420ರ ದಶಕದಲ್ಲಿ ಕಲಬುರಗಿಯನ್ನು ಬಿಟ್ಟು ಇಲ್ಲಿಗೆ ಬಂದುದಕ್ಕೆ ಇತಿಹಾಸಕಾರರು ಕೊಡುವ ಕಾರಣಗಳು ಒಂದೆರಡಲ್ಲ. ರಾಜ್ಯದ ನಡುವಣ ಸ್ಥಾನ, ಹಳೆಯ ಅರಮನೆಯಲ್ಲಿ ನಡೆದ ರಕ್ತಪಾತದ ಸ್ಮೃತಿ, ದುರ್ಗಕ್ಕೆ ಒಪ್ಪುವ ನೆಲ, ಇವೆಲ್ಲವೂ ಆ ಕಾರಣಗಳಲ್ಲಿ ಸೇರಿವೆ. ಆದರೆ ಅವುಗಳೊಡನೆ ಇಲ್ಲಿನ ಆರೋಗ್ಯಕರ ವಾಯುಗುಣವನ್ನೂ ಎಲ್ಲರೂ ಎಣಿಸುತ್ತಾರೆ. ಈ ಕೊನೆಯ ಕಾರಣವೇ ಇಂದಿಗೂ ಜೀವಂತವಾಗಿ ಉಳಿದಿರುವುದರಿಂದ ನಾನು ಅದನ್ನೇ ಹಿಡಿದು ಹೊರಡುತ್ತೇನೆ.

ಊರು ನಿಂತಿರುವುದು ಸಮುದ್ರಮಟ್ಟದಿಂದ ಸುಮಾರು 2,200 ಅಡಿ ಎತ್ತರದ ಕೆಂಪುಕಲ್ಲಿನ ಪ್ರಸ್ಥಭೂಮಿಯ ಮೇಲೆ. ಇಲ್ಲಿ ಶಿಖರವಿಲ್ಲ, ಘಟ್ಟದ ತಿರುವುಗಳಿಲ್ಲ. ಹೈದರಾಬಾದಿನ ಕಡೆಯಿಂದ ಬರುವವನಿಗೆ ತಾನು ಎತ್ತರಕ್ಕೆ ಏರಿದ್ದೇನೆಂಬ ಅರಿವೂ ಆಗದು. ಕೋಟೆಯ ಅಂಚಿನ ಬುರುಜುಗಳ ಮೇಲೆ ನಿಂತು, ನೆಲ ಥಟ್ಟನೆ ಕೆಳಗಿಳಿದು ಮಾಂಜರಾ ಕಣಿವೆಯ ಎರೆಹೊಲಗಳು ದೂರದವರೆಗೆ ಹರಡಿಕೊಂಡಿರುವುದನ್ನು ಕಂಡಾಗಲೇ ಊರಿನ ಉನ್ನತಿ ಮನಸ್ಸಿಗೆ ಬರುತ್ತದೆ. ರಂಧ್ರಮಯವಾದ ಈ ಕೆಂಪುಕಲ್ಲು ಮಳೆನೀರನ್ನು ಮೇಲೆ ನಿಲ್ಲಗೊಡದೆ ಕುಡಿದುಬಿಡುವುದರಿಂದ ಮಳೆ ನಿಂತ ಸ್ವಲ್ಪ ಹೊತ್ತಿಗೆಲ್ಲ ದಾರಿ ಒಣಗುತ್ತದೆ, ಕೆಸರು ಕಡಿಮೆ, ಕೊಳೆಯುವ ನೀರೂ ಕಡಿಮೆ. ಹಾಗೆ ಕುಡಿದ ನೀರು ಅಡಿಯಲ್ಲಿರುವ ಗಟ್ಟಿಯಾದ ಕರಿಕಲ್ಲಿನ ಪದರವನ್ನು ಮುಟ್ಟಿ, ಇನ್ನು ಇಳಿಯಲಾರದೆ ಅಡ್ಡಕ್ಕೆ ಹರಿದು, ಪ್ರಸ್ಥಭೂಮಿಯ ಅಂಚುಗಳಲ್ಲಿ ಬುಗ್ಗೆಯಾಗಿ ಹೊಮ್ಮುತ್ತದೆ. ಸಿಖ್ಖರು ಗುರು ನಾನಕರ ಪಾದಸ್ಪರ್ಶದಿಂದ ಉಕ್ಕಿತೆಂದು ನಂಬುವ ನಾನಕ ಝೀರಾದ ಸಿಹಿನೀರೂ, ಭಕ್ತರು ಎದೆಮಟ್ಟದ ನೀರಿನಲ್ಲಿ ಗುಹೆಯೊಳಗೆ ನಡೆದು ದರ್ಶನ ಪಡೆಯುವ ಝರಣಿ ನರಸಿಂಹನ ಸನ್ನಿಧಿಯೂ ಈ ಒಂದೇ ಭೂಗರ್ಭಕ್ರಿಯೆಯ ಫಲ. ಬಿಸಿಲ ಬೇಗೆಯಲ್ಲಿ ತಂಪಿನ ತಾಣವೊಂದನ್ನು ಅರಸಿ ಹೋಗುವ ಬೀದರಿನವನು ಇಂದಿಗೂ ಹೋಗುವುದು ಈ ಕಲ್ಲಿನ ಅಂಚಿಗೇ.

ಆದರೆ ಮೇಲೆ ವಾಸಿಸುವವರಿಗೆ ಅಡಿಯ ನೀರು ದೊರೆಯುವುದು ಹೇಗೆ? ಕೆಂಪುಕಲ್ಲನ್ನು ಆಳಕ್ಕೆ ಕೊರೆದ ಹೊರತು ಬಾವಿಯಲ್ಲಿ ನೀರು ಕಾಣದು. ಈ ತೊಡಕಿಗೆ ಬಹಮನಿಗಳ ಕಾಲದ ಕುಶಲಿಗಳು ಕಂಡ ಪರಿಹಾರವೇ ಪಾರಸಿಕ ದೇಶದ ವಿದ್ಯೆಯಾದ ಕರೇಜ್. ಊರಿನ ಅಂಚಿನ ನೌಬಾದಿನ ಎತ್ತರದ ನೆಲದಲ್ಲಿ ನೀರಿನ ಸೆಲೆಯನ್ನು ಮುಟ್ಟುವ ತಾಯಿಬಾವಿಯನ್ನು ತೋಡಿ, ಅಲ್ಲಿಂದ ಅತ್ಯಲ್ಪ ಇಳಿಜಾರಿನ ಸುರಂಗವನ್ನು ಎರಡು ಕಿಲೋಮೀಟರಿಗೂ ಮಿಕ್ಕು ಕೊರೆದು, ಗಾಳಿಗೂ ಬೆಳಕಿಗೂ ಕಲ್ಲುಮಣ್ಣು ಎತ್ತುವುದಕ್ಕೂ ಅನುಕೂಲವಾಗುವಂತೆ ನಡುನಡುವೆ 20ಕ್ಕೂ ಹೆಚ್ಚು ಲಂಬಕೂಪಗಳನ್ನು ಇಳಿಸಿ, ಯಾವ ಯಂತ್ರವೂ ಇಲ್ಲದೆ, ಕೇವಲ ಭೂಮಿಯ ಆಕರ್ಷಣೆಯ ಬಲದಿಂದಲೇ ನೀರು ತಾನಾಗಿ ಹರಿದುಬರುವಂತೆ ಅವರು ಮಾಡಿದರು. ನೀರು ಕತ್ತಲಲ್ಲಿ ಹರಿಯುವುದರಿಂದ ಬಿಸಿಲಿಗೆ ಆರಿಹೋಗದು. ಮೇಲಿನ ಧೂಳು ತಾಗದು. ಶುಕ್ಲತೀರ್ಥ, ಜಮ್ನಾ ಮೋರಿ ಎಂಬ ಹೆಸರಿನ ಇನ್ನೆರಡು ಕರೇಜುಗಳೂ ಇದೇ ಊರಿನವು. ಕೋಟೆ, ಮಹಮೂದ್ ಗವಾನನು 1472ರಲ್ಲಿ ಕಟ್ಟಿಸಿದ ಮದರಸಾ, ಅಷ್ಟೂರಿನ ಗೋರಿಗಳು, ಇವನ್ನು ಕಂಡು ಬೆರಗಾಗುವ ಪ್ರವಾಸಿಗರಿಗೆ ಕಣ್ಣಿಗೆ ಬೀಳದ ಈ ಸುರಂಗವನ್ನೇ ನಾನು ಆ ಕಾಲದ ಅತ್ಯುನ್ನತ ನಿರ್ಮಾಣವೆಂದು ತೋರಿಸಬಯಸುತ್ತೇನೆ. ಏಕೆಂದರೆ ಇತರ ಕಟ್ಟಡಗಳು ಅರಸೊತ್ತಿಗೆಯ ವೈಭವವನ್ನು ಸಾರಿದರೆ ಇದು ಸಾಮಾನ್ಯರ ಕೊಡ ತುಂಬಿಸಿತು. ಬೀದರಿನ ಐತಿಹಾಸಿಕ ನಗರವು 2014ರ ವಿಶ್ವ ಸ್ಮಾರಕ ಕಾವಲುಪಟ್ಟಿಯನ್ನು ಸೇರಿದ ಮೇಲೆ ಕರೇಜಿನ ಹೂಳು ತೆಗೆಯುವ ಕಾರ್ಯವೂ ನಡೆಯಿತು. ತೆರೆದ ಕೂಪಗಳಲ್ಲಿ ಮರಳಿ ನೀರು ಕಂಡಿತು.

ಹವೆಯ ವಿಷಯದಲ್ಲಿ ಅತಿಶಯೋಕ್ತಿ ಸಲ್ಲದು. ಬೇಸಗೆ ಇಲ್ಲಿಯೂ ಬೇಸಗೆಯೇ: 1931ರ ಮೇ 8ರಂದು ಉಷ್ಣತೆ 43.3 ಡಿಗ್ರಿಗೆ ಏರಿತ್ತೆಂದು ದಾಖಲೆಯುಂಟು. ಆದರೆ ಜೂನಿನಲ್ಲಿ ಮುಂಗಾರು ಕಾಲಿಟ್ಟ ಮೇಲೆ ಹಗಲುಗಳು ಸುಖಾವಹವಾಗುತ್ತವೆ; ವರ್ಷಕ್ಕೆ ಸರಾಸರಿ 85ರಿಂದ 90 ಸೆಂಟಿಮೀಟರಿನಷ್ಟು ಬೀಳುವ ಮಳೆ, ಮಲೆನಾಡಿನವರಿಗೆ ಅಲ್ಪವೆನಿಸಿದರೂ, ಬಯಲುಸೀಮೆಯಲ್ಲಿ ಸಮೃದ್ಧವೆಂದೇ ಹೇಳಬೇಕು. ಚಳಿಗಾಲವಂತೂ ಅಪೂರ್ವ. 1901ರ ಜನವರಿ 5ರಂದು ಉಷ್ಣತೆ 2.9 ಡಿಗ್ರಿಗೆ ಇಳಿದಿತ್ತು. ಉತ್ತರದ ಶೀತಮಾರುತ ಬೀಸಿದ ದಿನಗಳಲ್ಲಿ ಇಡೀ ರಾಜ್ಯದ ಕನಿಷ್ಠ ಉಷ್ಣತೆ ಬೀದರಿನಲ್ಲಿಯೇ ದಾಖಲಾಗುವುದು ಈಗಲೂ ಅಪರೂಪವಲ್ಲ. ಆಗ, ಬಹಮನಿಗಳ ಬಳಿಕ ಇಲ್ಲಿ ಆಳಿದ ಬರೀದ್‌ಶಾಹಿ ಅರಸರ ಗೋರಿಗಳ ಉದ್ಯಾನದಲ್ಲಿ ಉಣ್ಣೆಯ ಟೊಪ್ಪಿಗೆ ಹಾಕಿ ಬೆಳಗಿನ ನಡಿಗೆಗೆ ಬರುವವರನ್ನೂ, ವಿಲಾಸಪುರದ ಕೆರೆಯ ಕಡೆಯ ಹುಲ್ಲುಗಾವಲುಗಳಲ್ಲಿ ಮೇಯುವ ಕೃಷ್ಣಮೃಗಗಳನ್ನೂ ಒಂದೇ ಮುಂಜಾವಿನಲ್ಲಿ ಕಾಣಬಹುದು.

ಈ ಸೀಮೆಯ ನಿಜವಾದ ಬಯಲ ವಿಹಾರವಾದರೋ ಯಾವ ಪ್ರವಾಸೋದ್ಯಮದ ಕಲ್ಪನೆಯೂ ಅಲ್ಲ. ಅದು ಎಳ್ಳ ಅಮಾವಾಸ್ಯೆ. ಹಿಂಗಾರಿನ ಜೋಳ ತಲೆಯೆತ್ತಿ, ಕಡಲೆ ಕಾಯಿಕಟ್ಟುವ ಆ ಕಾಲದಲ್ಲಿ, ಬೀದರಿನಿಂದ ಭಾಲ್ಕಿಯವರೆಗೆ, ಭಾಲ್ಕಿಯಿಂದ ಔರಾದಿನವರೆಗೆ, ಪೇಟೆಗಳು ಬರಿದಾಗಿ ಜನರೆಲ್ಲ ಹೊಲಕ್ಕೆ ನಡೆಯುತ್ತಾರೆ. ಜೋಳದ ದಂಟಿನಿಂದ ಪುಟ್ಟ ಗುಡಿಸಲು ಕಟ್ಟಿ, ಅದರಲ್ಲಿ ಐದು ಕಲ್ಲುಗಳನ್ನು ಪಾಂಡವರೆಂದು ಪೂಜಿಸಿ, ಹೊಲದ ಸುತ್ತ ಚರಗವೆಂಬ ನೈವೇದ್ಯದ ಅನ್ನವನ್ನು ಚೆಲ್ಲಿ, ಬಳಿಕ ಮರದ ನೆರಳಿನಲ್ಲಿ ಸಾಲಾಗಿ ಕೂತು ಉಣ್ಣುತ್ತಾರೆ. ಹಸಿ ಕಡಲೆ, ತೊಗರಿ, ಅವರೆ, ಬಗೆಬಗೆಯ ಸೊಪ್ಪುಗಳೆಲ್ಲ ಒಂದೇ ಪಾತ್ರೆಯಲ್ಲಿ ಬೆಂದ ಭಜ್ಜಿ, ಸಜ್ಜೆಯ ರೊಟ್ಟಿ, ಮಜ್ಜಿಗೆ ಬೆರೆತ ತಣ್ಣನೆಯ ಅಂಬಲಿ. ಹೊಲವಿಲ್ಲದವರನ್ನು ಹೊಲವುಳ್ಳವರು ಕರೆಯುತ್ತಾರೆ. ಜಾತಿ ಮತಗಳನ್ನು ಕೇಳದೆ ಗೆಳೆಯರೆಲ್ಲ ಬರುತ್ತಾರೆ. ಕರೆಯದೆ ದಾರಿಯಲ್ಲಿ ಹೋಗುವವನನ್ನೂ “ಬರ್ರಿ, ಉಣ್ಣಾಕ ಕೂಡ್ರಿ” ಎಂದು ನಿಲ್ಲಿಸುತ್ತಾರೆ. ಹಣ ಕೊಟ್ಟು ಕೊಳ್ಳುವ ಯಾವ ವಿಶ್ರಾಂತಿಧಾಮವೂ ಈ ಒಂದು ಮಧ್ಯಾಹ್ನದ ಉಲ್ಲಾಸವನ್ನು ಕೊಡಲಾರದೆಂದು ನಾನು ದೃಢವಾಗಿ ನಂಬಿದ್ದೇನೆ.

ಆದರೆ ಪ್ರಸ್ಥಭೂಮಿಯ ಸುಖ ಅದರ ಅಂಚಿಗೇ ಮುಗಿಯುತ್ತದೆಂಬುದನ್ನು ಮರೆಯಬಾರದು. ಕೆಳಗಣ ಎರೆಭೂಮಿ ಮಳೆಯಲ್ಲಿ ಕಾಲು ಹೂತುಹೋಗುವ ಕೆಸರು, ಬೇಸಗೆಯಲ್ಲಿ ಬಾಯ್ಬಿಟ್ಟ ಬಿರುಕು. ಬಿಳಿಯ ಮೈಮೇಲೆ ಕರಿಯ ಮಚ್ಚೆಗಳುಳ್ಳ ದೇವಣಿ ದನಗಳನ್ನು ಅಕ್ಕರೆಯಿಂದ ಸಾಕಿಕೊಂಡು ಬಂದ ಔರಾದಿನ ರೈತನು ಮಳೆ ಕೈಕೊಟ್ಟ ವರ್ಷ ಮೊದಲು ಚಿಂತಿಸುವುದು ಅವುಗಳ ಮೇವು ನೀರುಗಳನ್ನೇ. ಬೀದರಿನ ನಲ್ಲಿಗಳಲ್ಲಿ ಇಂದು ಬರುವ ನೀರಾದರೂ ಭಾಲ್ಕಿ ತಾಲ್ಲೂಕಿನ ಬ್ಯಾಲಹಳ್ಳಿಯ ಬಳಿ ಕಟ್ಟಿದ ಕಾರಂಜಾ ಜಲಾಶಯದ್ದು. ಆ ಜಲಾಶಯಕ್ಕೆ ಹೊಲ ಕೊಟ್ಟ ರೈತರು ನ್ಯಾಯವಾದ ಪರಿಹಾರಕ್ಕಾಗಿ ಬೀದರಿಗೇ ಬಂದು ದೀರ್ಘಕಾಲ ಧರಣಿ ಕುಳಿತುದನ್ನು ಊರು ಕಂಡಿದೆ. ಮೇಲಿನವರ ವಾಸಯೋಗ್ಯತೆಗೆ ಕೆಳಗಿನವರು ತೆತ್ತ ಬೆಲೆ ಅದು. ಆದುದರಿಂದ ಬೀದರನ್ನು ವಿಹಾರಸ್ಥಳವನ್ನಾಗಿ ಬೆಳೆಸಲು ಯೋಜನೆ ಬರೆಯುವವರು ಆ ರೈತರ ಲೆಕ್ಕವನ್ನು ಮೊದಲು ತೀರಿಸಲಿ. ನೌಬಾದಿನಲ್ಲಿ ಮಳೆಯನ್ನು ಕುಡಿದು ಕರೇಜಿಗೆ ಊಡುವ ಮೇಲ್ನೆಲವನ್ನು ಬಡಾವಣೆಗಳಿಗೆ ಹಂಚದೆ, ಅಲ್ಲಿ ಕೊಳವೆಬಾವಿ ಕೊರೆಯಗೊಡದೆ ಕಾದಿರಿಸಲಿ. ಔರಾದಿನ ಕೆರೆಗಳ ಹೂಳನ್ನು ಪ್ರತಿವರ್ಷ ಮೃಗಶಿರಾ ಮಳೆಗೆ ಮೊದಲೇ ಎತ್ತಿಸಲಿ. ಅತಿಥಿಗೃಹಗಳ ನಕ್ಷೆಗಳನ್ನು ಅದಾದ ಮೇಲೆ ಬಿಡಿಸಬಹುದು.