ಸಣಕಲು ಮೈಗೆ ಬೇಕಾದುದು ಡಬ್ಬಿಯ ಪುಡಿಯಲ್ಲ

ನಗರದ ಮಧ್ಯಮವರ್ಗದ ಮನೆಗಳಲ್ಲಿ ಆರೋಗ್ಯದ ಮಾತೆಂದರೆ ಈಗ ಬಹುತೇಕ ತೂಕ ಇಳಿಸುವ ಮಾತು. ಬೆಳಗಿನ ಉದ್ಯಾನದ ನಡಿಗೆಯಿಂದ ಮದುವೆ ಮನೆಯ ಊಟದ ಪಂಕ್ತಿಯವರೆಗೆ ಚರ್ಚೆಯೆಲ್ಲ ಬೊಜ್ಜಿನ ಸುತ್ತಲೇ ಸುತ್ತುತ್ತದೆ. ಈ ಗದ್ದಲದ ನಡುವೆ, ತೂಕ ಒಂದಿಷ್ಟು ಏರಿದರೆ ಸಾಕೆಂದು ಹಂಬಲಿಸುವ ಹದಿಹರೆಯದವರ ದನಿ ಯಾರಿಗೂ ಕೇಳಿಸುವುದಿಲ್ಲ. ದಪ್ಪಗಿರುವವರನ್ನು ಹಂಗಿಸುವುದು ಅಸಭ್ಯತೆ ಎಂಬ ಅರಿವು ನಿಧಾನವಾಗಿಯಾದರೂ ನಮ್ಮಲ್ಲಿ ಮೂಡುತ್ತಿದೆ. ಆದರೆ ಸಣಕಲು ಹುಡುಗನನ್ನು ‘ಕಡ್ಡಿ ಪೈಲ್ವಾನ್’ ಎಂದೋ ‘ನರಪೇತಲ’ ಎಂದೋ ಕರೆಯಲು ಯಾರೂ ಹಿಂಜರಿಯುವುದಿಲ್ಲ. ‘ನಿಮ್ಮಮ್ಮ ಊಟ ಹಾಕುವುದಿಲ್ಲವೇನೋ?’ ಎಂದು ನೆಂಟರೊಬ್ಬರು ನಗುತ್ತಾ ಕೇಳುವ ಪ್ರಶ್ನೆ ಮಗನಿಗೂ ತಾಯಿಗೂ ಏಕಕಾಲಕ್ಕೆ ಬೀಳುವ ಪೆಟ್ಟು.

ಪದವಿಪೂರ್ವ ಕಾಲೇಜೊಂದರಲ್ಲಿ ಜೀವಶಾಸ್ತ್ರ ಬೋಧಿಸುತ್ತಾ ಬಂದಿರುವ ನನಗೆ ಈ ಪೆಟ್ಟಿನ ಪರಿಣಾಮಗಳು ಪ್ರತಿವರ್ಷವೂ ಕಾಣಸಿಗುತ್ತವೆ. ಸೆಖೆಗಾಲದಲ್ಲೂ ತುಂಬುತೋಳಿನ ಅಂಗಿ ತೊಡುವ ಹುಡುಗ, ಆಟದ ಪೀರಿಯಡ್‌ನಲ್ಲಿ ಗ್ರಂಥಾಲಯ ಸೇರಿಕೊಳ್ಳುವ ಹುಡುಗಿ, ಪಾಠ ಮುಗಿದ ಮೇಲೆ ಒಬ್ಬನೇ ಬಂದು ‘ಸರ್, ಈ ಪುಡಿ ತಗೊಂಡರೆ ತೊಂದರೆ ಇದೆಯಾ?’ ಎಂದು ಮೆಲ್ಲಗೆ ಕೇಳುವ ವಿದ್ಯಾರ್ಥಿ. ಕೊನೆಯ ಈ ಪ್ರಶ್ನೆಯೇ ನನ್ನನ್ನು ಹೆಚ್ಚು ಕಳವಳಗೊಳಿಸುವುದು. ಹದಿನಾರರ ಹರೆಯದಲ್ಲಿ ಅವಮಾನಕ್ಕೆ ಮದ್ದು ಹುಡುಕುವವರು ಅದರ ಬೆಲೆಯನ್ನಾಗಲೀ ಅಪಾಯವನ್ನಾಗಲೀ ಲೆಕ್ಕ ಹಾಕುವುದಿಲ್ಲ.

ಮೊದಲು ಸ್ಪಷ್ಟಪಡಿಸಿಕೊಳ್ಳಬೇಕಾದ ವಿಚಾರವೆಂದರೆ, ತೆಳ್ಳಗಿರುವುದು ತನ್ನಷ್ಟಕ್ಕೆ ತಾನೇ ರೋಗವಲ್ಲ. ಹದಿಹರೆಯದಲ್ಲಿ ದೇಹ ಮೊದಲು ಎತ್ತರಕ್ಕೆ ಬೆಳೆಯುತ್ತದೆ. ಮೈ ತುಂಬಿಕೊಳ್ಳುವುದು ಅದರ ಹಿಂದೆ ಬರುವ ಕ್ರಿಯೆ. ತೂಕವನ್ನು ಎತ್ತರದ ವರ್ಗದಿಂದ ಭಾಗಿಸಿ ಪಡೆಯುವ ದೇಹತೂಕ ಸೂಚ್ಯಂಕ 18.5ಕ್ಕಿಂತ ಕಡಿಮೆಯಿದ್ದರೆ ಕೃಶತೆ ಎಂಬುದು ವಯಸ್ಕರಿಗೆ ಹೇಳಿದ ಮಾತು. 5ರಿಂದ 19 ವರ್ಷದವರಿಗಾಗಿ ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲಿ ಪ್ರತ್ಯೇಕ ಪಟ್ಟಿಯನ್ನೇ ರೂಪಿಸಿದೆ. 15 ವರ್ಷದ ಹುಡುಗನ ಸೂಚ್ಯಂಕ 17 ಇದ್ದರೆ ವಯಸ್ಕರ ಅಳತೆಗೋಲಿನಲ್ಲಿ ಅವನು ಕೃಶಕಾಯ. ಅವನ ವಯಸ್ಸಿನ ಪಟ್ಟಿಯಲ್ಲಿ ಸಹಜ ವ್ಯಾಪ್ತಿಯೊಳಗೇ ಇದ್ದಾನೆ. ಅಂತರ್ಜಾಲದಲ್ಲಿ ಸಿಗುವ ವಯಸ್ಕರ ಲೆಕ್ಕ ನೋಡಿ ಗಾಬರಿಗೊಳ್ಳುವ ಪಾಲಕರು ಇದನ್ನು ಗಮನಿಸಬೇಕು.

ಹಾಗೆಂದು ಎಲ್ಲ ಕೃಶತೆಯನ್ನೂ ‘ವಂಶದ ಮೈಕಟ್ಟು’ ಎಂದು ತಳ್ಳಿಹಾಕುವಂತಿಲ್ಲ. ಇದ್ದ ತೂಕ ಇಳಿಯುತ್ತಿದ್ದರೆ, ವಿಪರೀತ ಬಾಯಾರಿಕೆಯೊಂದಿಗೆ ಪದೇಪದೇ ಮೂತ್ರವಿಸರ್ಜನೆ ಇದ್ದರೆ, ಎರಡು ವಾರ ಮೀರಿದ ಕೆಮ್ಮು ಅಥವಾ ಸಂಜೆಯ ಜ್ವರವಿದ್ದರೆ, ಕೈನಡುಕ ಮತ್ತು ಎದೆಬಡಿತ ಕಂಡರೆ, ಭೇದಿ ದೀರ್ಘಕಾಲ ಕಾಡಿದರೆ, ಹುಡುಗಿಯ ಮುಟ್ಟು ನಿಂತುಹೋದರೆ, ದಪ್ಪಗಾಗುವ ಭಯದಿಂದ ಮಗು ಊಟವನ್ನೇ ದೂರವಿಟ್ಟರೆ ತಡಮಾಡದೆ ವೈದ್ಯರನ್ನು ಕಾಣಬೇಕು. ಮಧುಮೇಹ, ಕ್ಷಯ, ಥೈರಾಯ್ಡ್, ಕರುಳಿನ ತೊಂದರೆ, ಮಾನಸಿಕ ಬೇಗುದಿ ಇವೆಲ್ಲವೂ ಸಣಕಲುತನದ ಮರೆಯಲ್ಲಿ ಅಡಗಿರಬಲ್ಲವು. ಇವು ಯಾವುವೂ ಇಲ್ಲವೆಂದು ಖಚಿತವಾದ ಮೇಲೆಯೇ ಅಡುಗೆಮನೆಯ ಚಿಕಿತ್ಸೆ ಆರಂಭವಾಗಬೇಕು.

ಕೆಲವು ವರ್ಷಗಳ ಹಿಂದೆ ಪ್ರಥಮ ಪಿಯುಸಿಯ ವಿದ್ಯಾರ್ಥಿಯೊಬ್ಬನ ತಾಯಿ ನನ್ನ ಬಳಿಗೆ ಬಂದಿದ್ದರು. ಹುಡುಗ 172 ಸೆಂಟಿಮೀಟರ್ ಎತ್ತರ, 50 ಕಿಲೊ ತೂಕ. ವೈದ್ಯರು ಪರೀಕ್ಷಿಸಿ ಯಾವ ದೋಷವೂ ಇಲ್ಲವೆಂದಿದ್ದರು. ತಂದೆಯೂ ಆ ವಯಸ್ಸಿನಲ್ಲಿ ಹಾಗೆಯೇ ಇದ್ದರಂತೆ. ‘ಇವನಿಗೆ ಎಷ್ಟು ತಿಂದರೂ ಮೈಗೆ ಹತ್ತುವುದಿಲ್ಲ ಸರ್’ ಎಂಬುದು ಆ ತಾಯಿಯ ಅಳಲು. ಒಂದು ವಾರ ಬಾಯಿಗೆ ಹಾಕಿಕೊಂಡದ್ದನ್ನೆಲ್ಲ ಬರೆದಿಡುವಂತೆ ನಾನು ಹುಡುಗನಿಗೆ ಹೇಳಿದೆ. ಅವನು ತಂದು ತೋರಿಸಿದ ಪಟ್ಟಿ ಹೀಗಿತ್ತು: ಬೆಳಿಗ್ಗೆ 6ಕ್ಕೆ ಟೀ, ಎರಡು ಬಿಸ್ಕತ್ತು, ಬಳಿಕ ಕೋಚಿಂಗ್, 11ಕ್ಕೆ ಕ್ಯಾಂಟೀನಿನಲ್ಲಿ ಒಂದು ಪ್ಲೇಟು ಚಿತ್ರಾನ್ನ, ಮಧ್ಯಾಹ್ನ ಡಬ್ಬಿಯ ಅರ್ಧ ಊಟ, ಸಂಜೆ ಪಾನಿಪೂರಿ, ರಾತ್ರಿ 9.30ಕ್ಕೆ ಅನ್ನ, ಸಾರು. ಭಾನುವಾರ ಮಾತ್ರ ಮನೆಯಲ್ಲಿ ಕುಳಿತು ಆರು ದೋಸೆ ತಿಂದಿದ್ದ. ತಾಯಿಯ ಕಣ್ಣಿಗೆ ಬಿದ್ದಿದ್ದು ಆ ಭಾನುವಾರದ ತಟ್ಟೆ. ಉಳಿದ ಆರು ದಿನಗಳ ತಟ್ಟೆಯನ್ನು ಮನೆಯ ಯಾರೂ ನೋಡಿರಲಿಲ್ಲ.

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2020ರಲ್ಲಿ ಪ್ರಕಟಿಸಿದ ಪಟ್ಟಿಯ ಪ್ರಕಾರ, 16ರಿಂದ 18 ವರ್ಷದ ಸರಾಸರಿ ಮೈಕಟ್ಟಿನ ಹುಡುಗನಿಗೆ ದಿನಕ್ಕೆ ಸುಮಾರು 3,320 ಕ್ಯಾಲೊರಿ ಶಕ್ತಿ, 55 ಗ್ರಾಂ ಪ್ರೋಟೀನ್ ಬೇಕು. ಅದೇ ವಯಸ್ಸಿನ ಹುಡುಗಿಗೆ 2,500 ಕ್ಯಾಲೊರಿ, 46 ಗ್ರಾಂ ಪ್ರೋಟೀನ್. ನಮ್ಮ ವಿದ್ಯಾರ್ಥಿಯ ವಾರದ ದಿನಗಳ ಲೆಕ್ಕ 2,000 ಕ್ಯಾಲೊರಿಯನ್ನೂ ಮುಟ್ಟುತ್ತಿರಲಿಲ್ಲ. ಇದು ಬಡತನದ ಹಸಿವಲ್ಲ, ವೇಳಾಪಟ್ಟಿಯ ಹಸಿವು. ನೀಟ್, ಸಿಇಟಿಗಳ ಓಟದಲ್ಲಿ ನಾವು ಮಕ್ಕಳ ದಿನಚರಿಯಿಂದ ಮೊದಲು ಕಿತ್ತುಕೊಂಡಿದ್ದು ಬೆಳಗಿನ ತಿಂಡಿಯನ್ನು, ಆನಂತರ ನಿದ್ದೆಯನ್ನು. ಹದಿಹರೆಯದವರಿಗೆ 8ರಿಂದ 10 ಗಂಟೆ ನಿದ್ದೆ ಬೇಕೆಂದು ವೈದ್ಯಶಾಸ್ತ್ರ ಹೇಳುತ್ತದೆ. ಅಷ್ಟು ಹೊತ್ತು ಮಲಗುವ ಪಿಯುಸಿ ವಿದ್ಯಾರ್ಥಿಯನ್ನು ಸೋಮಾರಿ ಎನ್ನುವ ಮನೆಗಳೇ ಹೆಚ್ಚು.

ಆ ಹುಡುಗನ ಮನೆಯಲ್ಲಿ ನಾನು ಸೂಚಿಸಿದ ಬದಲಾವಣೆಗಳಲ್ಲಿ ಹೊಸದೇನೂ ಇರಲಿಲ್ಲ. ಕೋಚಿಂಗ್‌ಗೆ ಹೊರಡುವ ಮುನ್ನ ಟೀ ಬದಲು ಒಂದು ಲೋಟ ಗಟ್ಟಿ ಹಾಲು, ಎರಡು ಬಾಳೆಹಣ್ಣು. ಚೀಲದಲ್ಲಿ ಒಂದು ಹಿಡಿ ಹುರಿದ ಶೇಂಗಾ, ತುಂಡು ಬೆಲ್ಲ. ರಾತ್ರಿಯ ಅನ್ನಕ್ಕೆ ಒಂದು ಚಮಚ ತುಪ್ಪ. ಇಷ್ಟರಿಂದಲೇ ದಿನಕ್ಕೆ ಸುಮಾರು 500 ಕ್ಯಾಲೊರಿ, 15 ಗ್ರಾಂ ಪ್ರೋಟೀನ್ ಹೆಚ್ಚುತ್ತದೆ. ಮೊಟ್ಟೆ ತಿನ್ನುವವರಿಗೆ ಒಂದು ಮೊಟ್ಟೆಯಿಂದ ಇನ್ನೂ 6 ಗ್ರಾಂ ಪ್ರೋಟೀನ್ ಸಿಗುತ್ತದೆ. ತಿಳಿಸಾರಿನ ಜಾಗದಲ್ಲಿ ಆಗಾಗ ಹುರಳಿಕಾಳಿನ ಸಾರು, ಸಂಜೆ ಪಾನಿಪೂರಿಯ ಬದಲು ಕಡಲೆ ಉಸಲಿ, ಮುದ್ದೆಯ ಜೊತೆ ಅವರೆಕಾಳು, ಉತ್ತರ ಕರ್ನಾಟಕದ ಮನೆಯಾದರೆ ರೊಟ್ಟಿಗೆ ಶೇಂಗಾ ಚಟ್ನಿ, ಗಟ್ಟಿ ಮೊಸರು. ಒಂದೇ ಸಲ ಹೊಟ್ಟೆ ಬಿರಿಯುವಂತೆ ಉಣ್ಣಿಸುವುದರಿಂದ ಉಪಯೋಗವಿಲ್ಲ. ಸಣ್ಣ ಹಸಿವಿನವರಿಗೆ ಮೂರು ಊಟದ ನಡುವೆ ಎರಡು ಸಣ್ಣ ತಿಂಡಿ ಹಿತ. ಊಟಕ್ಕೆ ಮುನ್ನ ಹೊಟ್ಟೆ ತುಂಬ ನೀರು, ಟೀ ಕುಡಿದರೆ ಇದ್ದ ಹಸಿವೂ ಸಾಯುತ್ತದೆ.

ಏಳು ತಿಂಗಳಲ್ಲಿ ಆ ಹುಡುಗ 5 ಕಿಲೊ ಏರಿದ. ಬರೀ ಗಣಿತದ ಲೆಕ್ಕದಲ್ಲಿ ಇನ್ನೂ ಹೆಚ್ಚಬೇಕಿತ್ತು. ಆದರೆ ದೇಹ ಬ್ಯಾಂಕಿನ ಉಳಿತಾಯ ಖಾತೆಯಂತೆ ವರ್ತಿಸುವುದಿಲ್ಲ. ಅಮೆರಿಕದ ಮೇಯೊ ಕ್ಲಿನಿಕ್‌ನ ಜೇಮ್ಸ್ ಲೆವಿನ್ ಮತ್ತು ಸಂಗಡಿಗರು 1999ರಲ್ಲಿ ಪ್ರಕಟಿಸಿದ ಒಂದು ಪ್ರಯೋಗ ಇಲ್ಲಿ ನೆನಪಾಗುತ್ತದೆ. 16 ಮಂದಿಗೆ 8 ವಾರಗಳ ಕಾಲ ದಿನಕ್ಕೆ 1,000 ಕ್ಯಾಲೊರಿ ಹೆಚ್ಚುವರಿ ಆಹಾರ ನೀಡಿದಾಗ ಒಬ್ಬರ ಮೈಯಲ್ಲಿ ಸೇರಿದ ಕೊಬ್ಬು ಬರೀ 0.36 ಕಿಲೊ, ಇನ್ನೊಬ್ಬರಲ್ಲಿ 4.23 ಕಿಲೊ! ಈ ಅಂತರಕ್ಕೆ ಮುಖ್ಯ ಕಾರಣ ವ್ಯಾಯಾಮವಲ್ಲ, ಕೂತಲ್ಲಿ ನಿಂತಲ್ಲಿ ಅರಿವಿಲ್ಲದೆಯೇ ನಡೆಯುವ ಚಲನೆ. ಹೆಚ್ಚು ತಿಂದಂತೆ ಕೆಲವರ ದೇಹ ತಾನಾಗಿಯೇ ಹೆಚ್ಚು ಚಡಪಡಿಸಿ ಅದನ್ನು ಖರ್ಚು ಮಾಡಿಬಿಡುತ್ತದೆ. ಸ್ವಭಾವತಃ ತೆಳ್ಳಗಿರುವ ಮಕ್ಕಳಿಗೆ ಪಕ್ಕದ ಮನೆಯ ಹುಡುಗನನ್ನು ತೋರಿಸಿ ‘ಅವನನ್ನು ನೋಡಿ ಕಲಿ’ ಎನ್ನುವುದು ಎಷ್ಟು ಅರ್ಥಹೀನವೆಂಬುದು ಇದರಿಂದ ತಿಳಿಯುತ್ತದೆ. ತಿಂಗಳಿಗೆ ಅರ್ಧ, ಒಂದು ಕಿಲೊ ಏರಿದರೂ ಅದು ಗೆಲುವೇ.

ಇಲ್ಲಿ ಇನ್ನೊಂದು ಸೂಕ್ಷ್ಮವಿದೆ. ಏರಬೇಕಾದುದು ತೂಕವೇ, ಅಥವಾ ಬಲವೇ? ಪುಣೆಯ ವೈದ್ಯ ಚಿತ್ತರಂಜನ ಯಾಜ್ಞಿಕ್ ಮತ್ತು ಬ್ರಿಟನ್ನಿನ ಜಾನ್ ಯುಡ್ಕಿನ್ 2004ರಲ್ಲಿ ‘ಲ್ಯಾನ್ಸೆಟ್’ ವೈದ್ಯಪತ್ರಿಕೆಯಲ್ಲಿ ತಮ್ಮದೇ ಭಾವಚಿತ್ರವನ್ನು ಪ್ರಕಟಿಸಿದರು. ಇಬ್ಬರ ದೇಹತೂಕ ಸೂಚ್ಯಂಕವೂ 22.3. ಆದರೆ ಯುಡ್ಕಿನ್ ಮೈಯಲ್ಲಿದ್ದ ಕೊಬ್ಬು ಶೇ 9.1, ಯಾಜ್ಞಿಕರದು ಶೇ 21.2. ತೆಳ್ಳಗೆ ಕಂಡರೂ ಒಳಗೆ ಕೊಬ್ಬು ಶೇಖರಿಸಿಕೊಳ್ಳುವುದು ಭಾರತೀಯರಲ್ಲಿ ಹೆಚ್ಚಾಗಿ ಕಂಡುಬರುವ ದೇಹಗುಣ. ಮಧ್ಯವಯಸ್ಸಿನಲ್ಲಿ ಅದು ಮಧುಮೇಹಕ್ಕೆ ದಾರಿ. ಆದ್ದರಿಂದ ಸಣಕಲು ಮಗನಿಗೆ ಪೂರಿ, ಬೇಕರಿ ತಿನಿಸು, ಸಿಹಿ ಪಾನೀಯಗಳನ್ನು ಉದಾರವಾಗಿ ಕೊಟ್ಟು ತಕ್ಕಡಿಯ ಮುಳ್ಳನ್ನು ಮುಂದೆ ಸರಿಸುವುದು ಜಾಣತನವಲ್ಲ. ಮೂಳೆ ಮತ್ತು ಸ್ನಾಯು ಗಟ್ಟಿಗೊಳ್ಳಲು ಪ್ರಕೃತಿ ಕೊಟ್ಟಿರುವ ಅತ್ಯುತ್ತಮ ಕಾಲ ಹದಿಹರೆಯ.

ಸ್ನಾಯು ಬೆಳೆಯಬೇಕಾದರೆ ಅದಕ್ಕೆ ಕೆಲಸ ಕೊಡಬೇಕು. ನಮ್ಮ ಹಳೆಯ ಗರಡಿಮನೆಗಳು ಈ ಸತ್ಯವನ್ನು ಪುಸ್ತಕ ಓದದೆಯೇ ಬಲ್ಲವಾಗಿದ್ದವು. ದಂಡೆ ಹೊಡೆಯುವುದು, ಬಸ್ಕಿ ತೆಗೆಯುವುದು, ಕಲ್ಲುಗುಂಡು ಎತ್ತುವುದು, ಆಮೇಲೆ ಹಾಲು, ಬಾದಾಮಿ ಸೇವಿಸಿ ವಿಶ್ರಾಂತಿ: ಇಂದಿನ ಕ್ರೀಡಾವಿಜ್ಞಾನ ಹೇಳುವುದೂ ಹೆಚ್ಚುಕಡಿಮೆ ಇದನ್ನೇ. ವಾರಕ್ಕೆ ಮೂರು ದಿನ ಬಲವರ್ಧನೆಯ ವ್ಯಾಯಾಮ, ನಡುವೆ ಬಿಡುವು, ನಿಧಾನವಾಗಿ ಏರುವ ಭಾರ. ತಿಳಿದವರ ಮೇಲ್ವಿಚಾರಣೆ ಇದ್ದರೆ ಇದರಿಂದ ಎತ್ತರ ಕುಂಠಿತವಾಗುತ್ತದೆ ಎಂಬ ಭಯಕ್ಕೆ ಆಧಾರವಿಲ್ಲ.

ಜಿಮ್‌ಗಳ ಬಗೆಗಿನ ನನ್ನ ಆತಂಕ ಅಲ್ಲಿನ ಕಬ್ಬಿಣದ ಕುರಿತಾದುದಲ್ಲ, ಕಪಾಟಿನಲ್ಲಿ ಜೋಡಿಸಿಟ್ಟ ಡಬ್ಬಿಗಳ ಕುರಿತಾದುದು. ಮೈ ಬೆಳೆಸಲು ಪ್ರೋಟೀನ್ ಪುಡಿಗಳನ್ನು ಸೇವಿಸಬೇಡಿ ಎಂದು ಪೋಷಣಾ ಸಂಸ್ಥೆಯ ಮೇ 2024ರ ಆಹಾರ ಮಾರ್ಗಸೂಚಿ ನೇರವಾಗಿಯೇ ಹೇಳಿದೆ. ಅದೇ ವರ್ಷ ಪ್ರಕಟವಾದ ಅಧ್ಯಯನವೊಂದರಲ್ಲಿ, ಭಾರತದ ಮಾರುಕಟ್ಟೆಯ 36 ಪುಡಿಗಳ ಪೈಕಿ ಸುಮಾರು ಶೇ 70ರಷ್ಟರಲ್ಲಿ ಡಬ್ಬಿಯ ಮೇಲೆ ಬರೆದ ಪ್ರೋಟೀನ್ ಪ್ರಮಾಣಕ್ಕೂ ಒಳಗಿದ್ದುದಕ್ಕೂ ತಾಳೆಯಾಗಲಿಲ್ಲ. ಮಕ್ಕಳ ಹಾಲಿಗೆ ಬೆರೆಸುವ ಪುಡಿಗಳನ್ನು ‘ಆರೋಗ್ಯ ಪೇಯ’ ಎಂಬ ವರ್ಗದಲ್ಲಿಟ್ಟು ಮಾರಬಾರದೆಂದು ಕೇಂದ್ರ ವಾಣಿಜ್ಯ ಮತ್ತು ಕೈಗಾರಿಕಾ ಸಚಿವಾಲಯ ಏಪ್ರಿಲ್ 2024ರಲ್ಲಿ ಆನ್‌ಲೈನ್ ಮಾರಾಟಗಾರರಿಗೆ ಸೂಚಿಸಬೇಕಾಯಿತು.

ಪುಡಿಗಿಂತ ಭಯಾನಕವಾದುದು ಗುಳಿಗೆ. ಅಲರ್ಜಿಗೆಂದು ಇರುವ ಸೈಪ್ರೊಹೆಪ್ಟಡೀನ್ ಹಸಿವು ಹೆಚ್ಚಿಸುತ್ತದೆ ಎಂಬ ಕಾರಣಕ್ಕೆ, ವೈದ್ಯರ ಚೀಟಿಯಿಲ್ಲದೆ ಹುಡುಗರ ಕೈಸೇರುತ್ತದೆ. ಅದು ತರುವ ಮಂಪರಿನಲ್ಲಿ ತರಗತಿಯ ಕೊನೆಯ ಬೆಂಚಿನಲ್ಲಿ ತೂಕಡಿಸಿದವರನ್ನು ನಾನು ಕಂಡಿದ್ದೇನೆ. ಹೆಸರಿಲ್ಲದ ‘ತೂಕವರ್ಧಕ’ ಪೊಟ್ಟಣಗಳಿಗೆ ಡೆಕ್ಸಾಮೆಥಸೋನ್‌ನಂತಹ ಸ್ಟೆರಾಯ್ಡ್ ಬೆರೆತಿರುವ ಅಪಾಯವೂ ಉಂಟು. ವಾರದೊಳಗೆ ಕೆನ್ನೆ ತುಂಬಿಕೊಂಡಿತೆಂದು ಮನೆಯವರು ಹಿಗ್ಗುತ್ತಾರೆ. ಅದು ಆರೋಗ್ಯವಲ್ಲ, ನೀರು ಮತ್ತು ಕೊಬ್ಬಿನ ಊತ. ಮೂಳೆ ಸವೆಯುತ್ತದೆ, ಸಕ್ಕರೆ ಏರುತ್ತದೆ, ದೀರ್ಘಕಾಲ ಸೇವಿಸಿ ಹಠಾತ್ತನೆ ನಿಲ್ಲಿಸಿದರೆ ಪ್ರಾಣಕ್ಕೇ ಸಂಚಕಾರ.

ಹುಡುಗಿಯರ ಪಾಡು ಇನ್ನೊಂದು ಬಗೆಯದು. ಅವರ ಸಣಕಲುತನವನ್ನು ನಾವು ಮೆಚ್ಚಿ ಹೊಗಳುತ್ತೇವೆ, ಮದುವೆಯ ಮಾತು ಬಂದಾಗ ಮಾತ್ರ ‘ಸ್ವಲ್ಪ ಮೈಕೈ ತುಂಬಿಕೊಳ್ಳಲಿ’ ಎನ್ನುತ್ತೇವೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 15ರಿಂದ 19 ವರ್ಷದ ಹುಡುಗಿಯರಲ್ಲಿ ಶೇ 59.1ರಷ್ಟು ಮಂದಿಗೆ ರಕ್ತಹೀನತೆ ಇದೆ. ಹುಡುಗರಲ್ಲಿ ಇದು ಶೇ 31.1. ದಣಿದು ಹಸಿವು ಕಳೆದುಕೊಂಡ ಮಗಳಿಗೆ ಬೇಕಾದುದು ಹಿಮೋಗ್ಲೋಬಿನ್ ಪರೀಕ್ಷೆ, ಸೊಪ್ಪು, ಕಾಳು, ಅವುಗಳ ಮೇಲೊಂದಿಷ್ಟು ನಿಂಬೆರಸ, ಅಗತ್ಯವಿದ್ದರೆ ಕಬ್ಬಿಣಾಂಶದ ಮಾತ್ರೆ. ಮನೆಯವರೆಲ್ಲರ ಊಟವಾದ ಮೇಲೆ ಉಳಿದುದನ್ನು ಉಣ್ಣುವ ಪದ್ಧತಿಯನ್ನು ತಾಯಿಯಿಂದ ಮಗಳು ಕಲಿಯದಿರುವುದೂ ಇದರಷ್ಟೇ ಮುಖ್ಯ.

ವಿಪರ್ಯಾಸವೊಂದನ್ನು ಗಮನಿಸಿ. ಕರ್ನಾಟಕ ಸರ್ಕಾರ ತನ್ನ ಶಾಲೆಗಳ ಮಕ್ಕಳಿಗೆ 2013ರಿಂದ ಹಾಲು ಕೊಡುತ್ತಿದೆ. ಡಿಸೆಂಬರ್ 2021ರಲ್ಲಿ ಕೆಲವು ಜಿಲ್ಲೆಗಳಲ್ಲಿ ಆರಂಭಗೊಂಡು ಬಳಿಕ ರಾಜ್ಯಕ್ಕೆಲ್ಲ ವಿಸ್ತರಿಸಿದ ಯೋಜನೆಯಲ್ಲಿ ಮೊಟ್ಟೆ, ಅದನ್ನು ತಿನ್ನದವರಿಗೆ ಬಾಳೆಹಣ್ಣು ಸಿಗುತ್ತಿದೆ; ಮೊದಲು ಶೇಂಗಾ ಚಿಕ್ಕಿಯನ್ನೂ ಕೊಡಲಾಗುತ್ತಿತ್ತು. ಬಡಮಕ್ಕಳ ಪೌಷ್ಟಿಕತೆಗೆ ಯಾವುದು ಸರಿಯೆಂದು ತಜ್ಞರು ನಿರ್ಧರಿಸಿದರೋ ಅದನ್ನೇ ಕಡೆಗಣಿಸಿ, ನಾವು ಸಾವಿರಾರು ರೂಪಾಯಿ ತೆತ್ತು ಡಬ್ಬಿ ಕೊಳ್ಳುತ್ತೇವೆ. ಶೇಂಗಾಕ್ಕೆ ಜಾಹೀರಾತಿಲ್ಲ ಎಂಬುದೊಂದೇ ಅದರ ಕೊರತೆ.

ಕಾಲೇಜುಗಳೂ ಕೋಚಿಂಗ್ ಕೇಂದ್ರಗಳೂ ಮನಸ್ಸು ಮಾಡಿದರೆ ಎರಡು ಕೆಲಸ ಸುಲಭ: ಬೆಳಗಿನ ತರಗತಿಗಳ ನಡುವೆ ತಿಂಡಿಗೆ 20 ನಿಮಿಷದ ಬಿಡುವು, ಕ್ಯಾಂಟೀನಿನಲ್ಲಿ ಉಸಲಿ, ಮೊಟ್ಟೆ, ಮೊಸರು, ಬಾಳೆಹಣ್ಣು ಸಿಗುವ ವ್ಯವಸ್ಥೆ. ಪಾಲಕರ ಪಾಲಿನ ಕೆಲಸ ಇನ್ನೂ ಸುಲಭ. ತಕ್ಕಡಿಯ ಮೇಲೆ ಮಗುವನ್ನು ದಿನವೂ ನಿಲ್ಲಿಸುವ ಬದಲು ವಾರದ ಆರು ದಿನಗಳ ತಟ್ಟೆಯನ್ನು ಒಮ್ಮೆ ಬಗ್ಗಿ ನೋಡಬೇಕು. ಊಟ ಬಲ್ಲವನಿಗೆ ರೋಗವಿಲ್ಲ ಎಂದು ಹಿರಿಯರು ಹೇಳಿದ್ದು ಸಣಕಲು ಮಕ್ಕಳಿಗೂ ಅನ್ವಯಿಸುವ ಮಾತು. ಆ ಗಾದೆಯ ಉಳಿದರ್ಧ ಮಾತು ಬಲ್ಲವರನ್ನು ಕುರಿತದ್ದು. ಸಣಕಲು ಮಗುವಿನ ಎದುರು ನಿಂತಾಗ ನೆಂಟರೂ ಗೆಳೆಯರೂ ಅದನ್ನು ನೆನಪಿಟ್ಟುಕೊಳ್ಳಲಿ.