ಗುಮಾಸ್ತಗಿರಿಯಿಂದ ಉದ್ಯಮಶೀಲತೆಗೆ

ಪದವಿಪೂರ್ವ ತರಗತಿಯಲ್ಲಿ ವಾಣಿಜ್ಯ ವಿಭಾಗವನ್ನು ಆರಿಸಿಕೊಂಡ ವಿದ್ಯಾರ್ಥಿಯು ಎರಡನೆಯ ವರ್ಷದಲ್ಲಿ ವ್ಯವಹಾರ ಅಧ್ಯಯನದ ಪುಸ್ತಕವನ್ನು ತೆರೆದು, ನಿರ್ವಹಣೆಯ ಸ್ವರೂಪವನ್ನು ಅರಿತು ಮುಂದಿನ ಅಧ್ಯಾಯಕ್ಕೆ ಕಾಲಿಡುತ್ತಲೇ ಆತನಿಗೆ ಎದುರಾಗುವವನು ಹೆನ್ರಿ ಫಯೋಲ್. 1888ರಲ್ಲಿ ದಿವಾಳಿಯ ಅಂಚಿನಲ್ಲಿದ್ದ ಫ್ರಾನ್ಸಿನ ಗಣಿ ಸಂಸ್ಥೆಯೊಂದರ ಹೊಣೆಯನ್ನು ಹೊತ್ತು ಅದನ್ನು ಮೇಲೆತ್ತಿ, ದೀರ್ಘಕಾಲದ ಆ ಅನುಭವವನ್ನು 1916ರಲ್ಲಿ 14 ತತ್ತ್ವಗಳಾಗಿ ಲೋಕದ ಮುಂದಿರಿಸಿದ ಈ ಎಂಜಿನಿಯರನ ವಿಚಾರವು ನಮ್ಮ ತಾಲ್ಲೂಕು ಕೇಂದ್ರಗಳ ಕಾಲೇಜುಗಳಿಗೂ ಬಂದು ತಲುಪಿದ ದಾರಿಯು ಸಾಮಾನ್ಯವಾದುದಲ್ಲ.

ಭಾರತದಲ್ಲಿ ವಾಣಿಜ್ಯ ಶಿಕ್ಷಣದ ಮೊದಲ ಶಾಲೆಯು 1886ರಲ್ಲಿ ಮದರಾಸಿನಲ್ಲಿ, ಪಚ್ಚಯ್ಯಪ್ಪ ಧರ್ಮಸಂಸ್ಥೆಯ ಧರ್ಮದರ್ಶಿಗಳ ಉದಾರತೆಯಿಂದ ಸ್ಥಾಪಿತವಾಯಿತು. 1913ರಲ್ಲಿ ಮುಂಬಯಿಯ ಸಿಡನ್‌ಹ್ಯಾಮ್ ಕಾಲೇಜು ಆ ವಿದ್ಯೆಗೆ ಉನ್ನತ ಶಿಕ್ಷಣದ ಪೀಠವನ್ನೊದಗಿಸಿತು. ಆದರೂ ಬಹುಕಾಲದವರೆಗೆ ಜನಸಾಮಾನ್ಯರ ಪಾಲಿಗೆ ವಾಣಿಜ್ಯ ವಿದ್ಯೆಯೆಂದರೆ ಜಮಾಖರ್ಚಿನ ಲೆಕ್ಕ, ಬೆರಳಚ್ಚು, ಶೀಘ್ರಲಿಪಿ ಇವಿಷ್ಟೇ ಆಗಿದ್ದವು. ಅನ್ಯರ ಕಚೇರಿಯಲ್ಲಿ ಗುಮಾಸ್ತನಾಗಿ ನಿಲ್ಲಲು ಬೇಕಾದ ಸಿದ್ಧತೆಯೇ ಅದರ ಗುರಿ. ಅದರಿಂದ ಅಸಂಖ್ಯ ಕುಟುಂಬಗಳಿಗೆ ಅನ್ನದ ದಾರಿಯಾದುದನ್ನು ನಾನು ಅಲ್ಪವೆಂದು ಬಗೆಯಲಾರೆ. ಆದರೆ ಉದ್ಯಮವನ್ನು ತಾನೇ ಕಲ್ಪಿಸಿ ಕಟ್ಟುವ ಬುದ್ಧಿಗೆ ಅಲ್ಲಿ ಆಹಾರವಿರಲಿಲ್ಲ.

ಆ ಬುದ್ಧಿಗೆ ಇಂಬು ಕೊಡುವ ಪ್ರಯತ್ನವು ಮೈಸೂರು ಸಂಸ್ಥಾನದಲ್ಲಿ ಶಾಲೆಯ ಹೊರಗೆ ನಡೆದಿತ್ತು. ಕೃಷಿ, ಶಿಕ್ಷಣ, ಕೈಗಾರಿಕೆ–ವಾಣಿಜ್ಯಗಳೆಂಬ ಸಮಿತಿಗಳನ್ನು ಜೊತೆಜೊತೆಯಾಗಿ ದುಡಿಸಿದ 1911ರ ಆರ್ಥಿಕ ಸಮ್ಮೇಳನವನ್ನೂ, ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ 1913ರಲ್ಲಿ ಹುಟ್ಟಿದ ಮೈಸೂರು ಬ್ಯಾಂಕನ್ನೂ, 1916ರಲ್ಲಿ ಹುಟ್ಟಿದ ವಿಶ್ವವಿದ್ಯಾನಿಲಯವನ್ನೂ ಒಟ್ಟಿಗೆ ಇಟ್ಟು ನೋಡಿದವರಿಗೆ, ವಿದ್ಯೆಯೂ ಬಂಡವಾಳವೂ ಪರಸ್ಪರ ಪೋಷಕವಾಗಬೇಕೆಂಬ ಒಂದೇ ಸಂಕಲ್ಪವು ಅಲ್ಲಿ ಗೋಚರಿಸದಿರದು.

ಸ್ವಾತಂತ್ರ್ಯಾನಂತರ ಲಕ್ಷ್ಮಣಸ್ವಾಮಿ ಮೊದಲಿಯಾರರ ಅಧ್ಯಕ್ಷತೆಯ ಮಾಧ್ಯಮಿಕ ಶಿಕ್ಷಣ ಆಯೋಗವು 1952–53ರಲ್ಲಿ ಬಹೂದ್ದೇಶ ಶಾಲೆಗಳನ್ನು ಶಿಫಾರಸು ಮಾಡಿ, ಅಲ್ಲಿನ ಏಳು ವಿಭಾಗಗಳಲ್ಲಿ ವಾಣಿಜ್ಯಕ್ಕೂ ಸ್ಥಾನವನ್ನಿತ್ತಿತು. 1964–66ರ ಕೊಠಾರಿ ಆಯೋಗದ ಹತ್ತು–ಎರಡು–ಮೂರು ವರ್ಷಗಳ ವಿನ್ಯಾಸದಲ್ಲಿ ಆ ನಡುವಣ ಎರಡು ವರ್ಷಗಳೇ ಈ ವಿಷಯದ ನೆಲೆಯಾದವು. ಕ್ರಮೇಣ ಬೆರಳಚ್ಚು ಹಿಂದೆ ಸರಿದು ಯೋಜನೆ, ಸಂಘಟನೆ, ಸಿಬ್ಬಂದಿ ನೇಮಕ, ನಿರ್ದೇಶನ, ನಿಯಂತ್ರಣಗಳೂ, ಮಾರುಕಟ್ಟೆ ಮತ್ತು ಗ್ರಾಹಕ ಸಂರಕ್ಷಣೆಯೂ ಪಾಠವಾದವು.

ಇಷ್ಟಾದರೂ ನನಗೊಂದು ಕೊರಗು. ಫಯೋಲನನ್ನೂ ವೈಜ್ಞಾನಿಕ ನಿರ್ವಹಣೆಯ ಪ್ರತಿಪಾದಕನಾದ ಟೇಲರನನ್ನೂ ಓದಿಸುವ ನಾವು ಉಡುಪಿಯನ್ನು ಓದಿಸಲಿಲ್ಲ. ಕೈಮಗ್ಗದ ಉದ್ಯೋಗ ಕುಸಿದು ನೇಕಾರರು ಕಂಗೆಟ್ಟಿದ್ದ ಕಾಲದಲ್ಲಿ, 1925ರಲ್ಲಿ, ಉಪೇಂದ್ರ ಪೈ, ವಾಮನ ಕುಡ್ವ, ಡಾ. ಟಿ.ಎಂ.ಎ. ಪೈ ಇವರು 8,000 ರೂಪಾಯಿಗಳ ಬಂಡವಾಳದಿಂದ ಆರಂಭಿಸಿದ ಸಂಸ್ಥೆಯು ಮುಂದೆ ಸಿಂಡಿಕೇಟ್ ಬ್ಯಾಂಕ್ ಎನಿಸಿತು. 1928ರಲ್ಲಿ ಅದು ತಂದ ಪಿಗ್ಮಿ ಠೇವಣಿಯ ಯೋಜನೆಯಲ್ಲಿ ಏಜೆಂಟನು ಮನೆಬಾಗಿಲಿಗೇ ಬಂದು ದಿನಕ್ಕೆ ಎರಡಾಣೆಯಷ್ಟು ಅಲ್ಪವಾದ ಹಣವನ್ನೂ ಸಂಗ್ರಹಿಸುತ್ತಿದ್ದನು. ಬ್ಯಾಂಕಿನ ಮೆಟ್ಟಿಲು ಹತ್ತಲು ಅಂಜುವವನ ಮನಸ್ಸನ್ನು ಅರಿಯುವುದು, ಚಿಲ್ಲರೆ ಹಣವನ್ನು ಬಂಡವಾಳವಾಗಿಸುವುದು, ಊರೂರು ಅಲೆಯುವ ಏಜೆಂಟನ ಮೇಲೆ ನಂಬಿಕೆಯನ್ನೂ ನಿಗಾವನ್ನೂ ಏಕಕಾಲದಲ್ಲಿ ಇರಿಸುವುದು – ಪುಸ್ತಕದ ಅರ್ಧ ಅಧ್ಯಾಯಗಳು ಈ ಒಂದು ಯೋಜನೆಯಲ್ಲಿ ಜೀವಂತವಾಗಿವೆ.

ಆ ಬ್ಯಾಂಕು 2020ರಲ್ಲಿ ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. ಪಿಗ್ಮಿ ಸಂಗ್ರಾಹಕರು ಮಾತ್ರ ನಮ್ಮ ಪೇಟೆಬೀದಿಗಳಲ್ಲಿ ಈಗಲೂ ಅಂಗಡಿಯಿಂದ ಅಂಗಡಿಗೆ ನಡೆಯುತ್ತಲಿದ್ದಾರೆ. ಅಧ್ಯಾಪಕರು ಅಂಥವರೊಬ್ಬರನ್ನು ತರಗತಿಗೆ ಆದರದಿಂದ ಬರಮಾಡಿಕೊಂಡು, ಅವರ ಕಮಿಷನ್ ಹೇಗೆ ಗೊತ್ತಾಗುತ್ತದೆ, ದಿನದ ಹಣಕ್ಕೆ ಲೆಕ್ಕ ಯಾವಾಗ ಒಪ್ಪಿಸಬೇಕು, ಕಟ್ಟುವುದನ್ನು ನಿಲ್ಲಿಸಿದ ಅಂಗಡಿಯವನೊಡನೆ ಹೇಗೆ ಮಾತನಾಡಬೇಕು ಎಂಬುದನ್ನು ಮಕ್ಕಳೇ ಕೇಳಿ ಬರೆದುಕೊಳ್ಳುವಂತೆ ಮಾಡಬೇಕೆಂದು ನನ್ನ ಕೋರಿಕೆ.