ಹೇಳುವ ಬಲ, ಕೇಳುವ ಬಲ

೨೦೦೯ರ ಅಕ್ಟೋಬರ್ ತಿಂಗಳ ಆರಂಭದಲ್ಲಿ ತುಂಗಭದ್ರೆಯ ದಡದ ಸಿರುಗುಪ್ಪ ತಾಲ್ಲೂಕು ಮಹಾಪ್ರವಾಹಕ್ಕೆ ತುತ್ತಾಯಿತು. ಇಂತಹ ವಿಪತ್ತಿನಲ್ಲಿ ದೂರವಾಣಿಯೂ ವಿದ್ಯುತ್ತೂ ಕೈಕೊಡಬಹುದು. ಆಗ ರಕ್ಷಣಾಕಾರ್ಯದಲ್ಲಿ ತೊಡಗಿದವರಿಗೆ ನಿಸ್ತಂತು ಸಾಧನವೇ ಆಸರೆ. ಆ ಸಾಧನದ ಶಕ್ತಿ ಎಷ್ಟಿರಬೇಕು? ಹೆಚ್ಚಿದಷ್ಟೂ ಒಳ್ಳೆಯದೆಂದು ಮೇಲುನೋಟಕ್ಕೆ ತೋರುತ್ತದೆ. ವಸ್ತುಸ್ಥಿತಿ ಹಾಗಿಲ್ಲ.

ಪ್ರಸಾರಕವು ಹೊರಸೂಸುವ ಶಕ್ತಿಯನ್ನು ವ್ಯಾಟ್‌ಗಳಲ್ಲಿ ಅಳೆಯುತ್ತಾರೆ. ಕೈಯಲ್ಲಿ ಹಿಡಿಯುವ ವಾಕಿಟಾಕಿಯ ಶಕ್ತಿ ಸಾಮಾನ್ಯವಾಗಿ ೫ ವ್ಯಾಟ್. ವಾಹನದಲ್ಲಿರಿಸುವ ಸಾಧನದ್ದು ೨೫ ವ್ಯಾಟ್ ಅಥವಾ ಅದಕ್ಕೂ ಹೆಚ್ಚು. ರೇಡಿಯೋ ಅಲೆಗಳು ಹರಡುತ್ತ ಹೋದಂತೆ ಕ್ಷೀಣಿಸುತ್ತವೆ. ಯಾವ ಅಡೆತಡೆಯೂ ಇಲ್ಲದಿದ್ದಾಗಲೂ ದೂರ ಎರಡರಷ್ಟಾಗಬೇಕಾದರೆ ಶಕ್ತಿ ನಾಲ್ಕರಷ್ಟಾಗಬೇಕು. ನೆಲದ ಸಮೀಪದಲ್ಲಿ ಇನ್ನೂ ಹೆಚ್ಚು ಶಕ್ತಿ ಬೇಕಾಗುತ್ತದೆ.

ಇದಲ್ಲದೆ, ಈ ಸಾಧನಗಳ ಅಲೆಗಳು ಬಹುಮಟ್ಟಿಗೆ ನೇರವಾಗಿ ಸಾಗುತ್ತವೆ. ಭೂಮಿಯ ದುಂಡುತನವೂ ಗುಡ್ಡಗಳೂ ಅವುಗಳನ್ನು ತಡೆಯುತ್ತವೆ. ಸಮತಟ್ಟಾದ ನೆಲದ ಮೇಲೆ ಒಂದೂವರೆ ಮೀಟರ್ ಎತ್ತರದಲ್ಲಿರುವ ಆಂಟೆನಾದ ದಿಗಂತ ಸುಮಾರು ೫ ಕಿಲೋಮೀಟರ್. ನೂರು ಮೀಟರ್ ಎತ್ತರದ್ದು ಸುಮಾರು ೪೧ ಕಿಲೋಮೀಟರ್. ಬಳ್ಳಾರಿಯಿಂದ ಕುರುಗೋಡು ನೇರ ದೂರದಲ್ಲಿ ಸುಮಾರು ೨೫ ಕಿಲೋಮೀಟರ್, ಸಿರುಗುಪ್ಪ ಸುಮಾರು ೫೫ ಕಿಲೋಮೀಟರ್. ಆದುದರಿಂದ ವ್ಯಾಟ್‌ಗಳನ್ನು ಹೆಚ್ಚಿಸುವುದಕ್ಕಿಂತ ಆಂಟೆನಾವನ್ನು ಎತ್ತರಿಸುವುದು ಹಲವು ವೇಳೆ ಹೆಚ್ಚು ಫಲಕಾರಿ. ಬಳ್ಳಾರಿ ಗುಡ್ಡದಂತಹ ಎತ್ತರದ ಸ್ಥಳಗಳಲ್ಲಿ ಮರುಪ್ರಸಾರಕ, ಅಂದರೆ ರಿಪೀಟರ್, ಸ್ಥಾಪಿಸುವ ಪದ್ಧತಿಗೆ ಇದೇ ಕಾರಣ. ಅದು ಒಂದು ಕಂಪನಾಂಕದಲ್ಲಿ ದುರ್ಬಲವಾದ ಧ್ವನಿಯನ್ನು ಗ್ರಹಿಸಿ, ಮತ್ತೊಂದರಲ್ಲಿ ಬಲವಾಗಿ ಬಿತ್ತರಿಸುತ್ತದೆ.

ಆದರೆ ರಿಪೀಟರಿನ ಶಕ್ತಿಗೂ ಮಿತಿ ಬೇಕು. ಗುಡ್ಡದ ಮೇಲಿನಿಂದ ಧ್ವನಿವರ್ಧಕದಲ್ಲಿ ಕೂಗಿದ ಮಾತು ದೂರದ ಹೊಲದಲ್ಲಿರುವ ರೈತನಿಗೆ ಕೇಳಿಸುತ್ತದೆ. ಅವನು ಓಗೊಟ್ಟರೆ ಮೇಲಿನವರಿಗೆ ಕೇಳಿಸದು. ಹಾಗೆಯೇ ರಿಪೀಟರಿನ ಪ್ರಸಾರ ಅತಿಯಾಗಿ ಬಲವಾಗಿದ್ದರೆ, ನೆರೆಯ ನಡುವೆ ನಿಂತವನು ಎಲ್ಲವನ್ನೂ ಸ್ಪಷ್ಟವಾಗಿ ಕೇಳುತ್ತಾನೆ. ತನ್ನ ಮಾತೂ ತಲುಪುತ್ತಿದೆಯೆಂದು ನಂಬುತ್ತಾನೆ. ಅವನ ೫ ವ್ಯಾಟಿನ ಮೊರೆ ಮಾತ್ರ ಗುಡ್ಡವನ್ನು ಮುಟ್ಟಿರುವುದಿಲ್ಲ. ದೋಣಿಗಾಗಿ ಕಾಯುವವನಿಗೆ ಇಂತಹ ಭ್ರಮೆ ಪ್ರಾಣಾಂತಿಕವಾಗಬಹುದು. ಆದ್ದರಿಂದ ರಿಪೀಟರು ಎಷ್ಟು ದೂರದಿಂದ ಕೇಳಬಲ್ಲುದೋ ಸುಮಾರು ಅಷ್ಟೇ ದೂರಕ್ಕೆ ಅದರ ಮಾತು ತಲುಪುವಂತೆ ಶಕ್ತಿಯನ್ನು ನಿಗದಿಪಡಿಸುವುದು ಲೇಸು.

ಅನಗತ್ಯ ಶಕ್ತಿಯಿಂದ ಬೇರೆ ತೊಂದರೆಗಳೂ ಉಂಟು. ಅದೇ ಕಂಪನಾಂಕವನ್ನು ಬಳಸುವ ದೂರದ ಕೇಂದ್ರಗಳಿಗೆ ಅಡಚಣೆಯಾಗುತ್ತದೆ. ವಿದ್ಯುತ್ತಿಲ್ಲದ ವೇಳೆಯಲ್ಲಿ ಬ್ಯಾಟರಿ ಬೇಗನೆ ಬರಿದಾಗುತ್ತದೆ. ಸಂಪರ್ಕಕ್ಕೆ ಸಾಕಾಗುವಷ್ಟು ಶಕ್ತಿಯನ್ನು ಮಾತ್ರ ಬಳಸುವವನೇ ಜಾಣನಾದ ನಿಸ್ತಂತು ಚಾಲಕ. ದೂರದ ದುರ್ಬಲ ಧ್ವನಿಗೂ ಕಿವಿಗೊಡಬಲ್ಲ ವ್ಯವಸ್ಥೆಯೇ ಆಪತ್ಕಾಲದಲ್ಲಿ ನೆರವಿಗೆ ಬರುತ್ತದೆ.